ಪ್ರಾಧ್ಯಾಪಕ ಶಾಂತಿಸ್ವರೂಪ ಭಟ್ನಾಗರರು
(ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಪುಸ್ತಕದ ವಿದ್ಯೆಯಿಂದ ಹೊಟ್ಟೆ ತುಂಬದು, ಪಾಠ ಹೇಳುವವನಿಂದ ಕಾರಖಾನೆ ನಡೆಯದು ಎಂಬ ಮಾತನ್ನು ನಾವೆಲ್ಲರೂ ಕೇಳಿರುವೆವು. ಈ ಮಾತು ಎಷ್ಟು ಹುಸಿಯೆಂಬುದನ್ನು ಪ್ರಾಧ್ಯಾಪಕ ಭಟ್ನಾಗರರ ಜೀವಿತವು ತೋರಿಸಿಕೊಡುತ್ತದೆ.

ಇಂದು ಪಾಕಿಸ್ತಾನಕ್ಕೆ ಸೇರಿರುವ ಭೇರಾ ಎಂಬ ಊರಿನಲ್ಲಿ 1894ನೆಯ ಇಸವಿ ಫೆಬ್ರುವರಿ 21ರಂದು ಅವರು ಹುಟ್ಟಿದರು. ಎಂಟು ತಿಂಗಳ ಕೂಸಾಗಿರುವಾಗಲೇ ತಂದೆಯನ್ನು ಕಳೆದುಕೊಂಡು, ಇಂಜಿನಿಯರರಾಗಿದ್ದ ತಾಯಿಯ ತಂದೆಯ ಮನೆಯಲ್ಲಿ ಬೆಳೆದರು. ಲಾಹೋರಿನಲ್ಲಿ ಓದು ಮುಗಿಸಿ, 1921ರಲ್ಲಿ ಲಂಡನ್ನಿನಲ್ಲಿ ಡೊನ್ನನ್‌ರ ಶಿಷ್ಯರಾಗಿ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಅದೇ ವರ್ಷ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಅಲ್ಲಿಯ ಕುಲಗೀತವನ್ನು ರಚಿಸಿದವರೂ ಅವರೇ! 1924ರಲ್ಲಿ ಲಾಹೋರಿಗೆ ಮರಳಿ ಅಲ್ಲಿಯೇ ಹದಿನಾರು ವರ್ಷ ಪಾಠ ಹೇಳಿದರು. ಪದಾರ್ಥಗಳ ಕಾಂತಗುಣವನ್ನು ಅತಿ ಸೂಕ್ಷ್ಮವಾಗಿ ಅಳೆಯುವ ತಕ್ಕಡಿಯೊಂದನ್ನು 1928ರಲ್ಲಿ ಮಾಥುರರೊಡನೆ ನಿರ್ಮಿಸಿದರು. ಲಂಡನ್ನಿನ ಹಿಲ್ಗರ್ ಕಂಪನಿಯು ಅದನ್ನು ತಯಾರಿಸಿ ಮಾರಿತು.

ಅಟಕ್ ಎಣ್ಣೆ ಕಂಪನಿಯವರು ರಾವಲಪಿಂಡಿಯ ಕಡೆಗೆ ಬಾವಿ ಕೊರೆಯುತ್ತಿದ್ದರು. ಕೊರೆಯುವಾಗ ತೆಳುವಾದ ಮಣ್ಣಿನ ಕೆಸರನ್ನು ಒಳಗೆ ಹರಿಯಿಸುವದುಂಟು. ನೆಲದೊಳಗಿನ ಉಪ್ಪುನೀರು ತಗಲಿದೊಡನೆ ಆ ಕೆಸರು ಹೆಪ್ಪುಗಟ್ಟಿ ಗಟ್ಟಿಯಾಗುತ್ತಿತ್ತು, ಕೆಲಸವೇ ನಿಲ್ಲುತ್ತಿತ್ತು. ಭಟ್ನಾಗರರು ಕಂಡುಕೊಂಡ ಉಪಾಯವೇನು? ನಮ್ಮ ದೇಶದಲ್ಲಿಯೇ ದೊರೆಯುವ ಒಂದು ಗೋಂದು! ಅದನ್ನು ಬೆರಸಿದರೆ ಮಣ್ಣಿನ ಕಣಕಣಕ್ಕೂ ಕವಚ ತೊಡಿಸಿದಂತಾಗಿ, ಉಪ್ಪು ಅವನ್ನು ಒಂದಕ್ಕೊಂದು ಅಂಟಿಸಲಾರದು. ತರಗತಿಯಲ್ಲಿ ಕಲಿಸುವ ತತ್ತ್ವವೇ ಎಣ್ಣೆಬಾವಿಯ ತೊಡಕನ್ನು ಬಿಡಿಸಿತು.

ಸಂತೋಷಗೊಂಡ ಲಂಡನ್ನಿನ ಸ್ಟೀಲ್ ಬ್ರದರ್ಸ್‌ ಕಂಪನಿಯವರು ಎಣ್ಣೆಯ ವಿಷಯದಲ್ಲಿ ಸಂಶೋಧನ ನಡೆಸಲು ಒಂದೂವರೆ ಲಕ್ಷ ರೂಪಾಯಿ ಕೊಡಲು ಮುಂದೆ ಬಂದರು. ಭಟ್ನಾಗರರು ಅದನ್ನು ವಿಶ್ವವಿದ್ಯಾಲಯದ ಮುಖಾಂತರವೇ ಬರಮಾಡಿ, ಪೆಟ್ರೋಲಿಯಂ ಸಂಶೋಧನ ಶಾಖೆಯನ್ನು ತೆರೆಯಿಸಿದರು. ಮುಂದೆ ಆ ಹಣವು ಎರಡೂವರೆ ಲಕ್ಷಕ್ಕೆ ಏರಿತು. ತಮಗೆಂದು ಅವರು ಏನನ್ನೂ ಇಟ್ಟುಕೊಳ್ಳಲಿಲ್ಲ.

ಮಹನೀಯರೇ, ಶೋಧಕನು ತನ್ನ ಶ್ರಮದ ಫಲವನ್ನು ಉಣ್ಣಬಾರದೆಂದು ನಾವು ಹೇಳುವದಿಲ್ಲ, ಅವನಿಗೂ ಸಂಸಾರವುಂಟು. ಆದರೆ ಒಬ್ಬನು ಉಂಡು ತೀರಿಸಿದ ಹಣ ಅವನೊಡನೆ ಮುಗಿಯುತ್ತದೆ. ಪ್ರಯೋಗಶಾಲೆಗೆ ಹಾಕಿದ ಹಣ ಹೊಲಕ್ಕೆ ಬಿತ್ತಿದ ಬೀಜದಂತೆ. ಆ ಶಾಖೆಯಲ್ಲಿ ದುಡಿದ ತರುಣರು ಉದ್ಯೋಗಗಳ ಪ್ರಶ್ನೆಗಳನ್ನು ಬಿಡಿಸಲು ಕಲಿತರು. ಅವರನ್ನು ನಡೆಸಿದ ಗುರುವಿಗೇ 1942ರಲ್ಲಿ ಸ್ಥಾಪನೆಯಾದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನ ಪರಿಷತ್ತಿನ ಹೊಣೆ ಬಂದಿತು. 1955ರ ಜನವರಿ 1ರಂದು ಅವರು ತೀರಿಕೊಳ್ಳುವಷ್ಟರಲ್ಲಿ ದೇಶದಲ್ಲಿ ರಾಷ್ಟ್ರೀಯ ಪ್ರಯೋಗಶಾಲೆಗಳ ಸಾಲೇ ಎದ್ದಿತ್ತು. 1950ರಲ್ಲಿ ನಮ್ಮ ಮೈಸೂರಿನ ಚೆಲುವಾಂಬಾ ಮಹಲಿನಲ್ಲಿ ಆರಂಭವಾದ ಆಹಾರ ಸಂಶೋಧನಾಲಯವೂ ಆ ಸಾಲಿನದೇ.

ಆದುದರಿಂದ ಬಂಧುಗಳೇ, ನಮ್ಮ ಶಾಲೆಗಳ ಬೀರುಗಳಲ್ಲಿ ಬೀಗ ಹಾಕಿಸಿಕೊಂಡು ಧೂಳು ತಿನ್ನುತ್ತಿರುವ ಗಾಜಿನ ನಳಿಗೆಗಳನ್ನು ಹೊರಗೆ ತೆಗೆಯೋಣ. ಒಡೆದರೆ ಒಡೆಯಲಿ, ಹುಡುಗರ ಕೈಗೆ ಕೊಡೋಣ. ನಳಿಗೆ ಮತ್ತೆ ದೊರೆತೀತು. ಹುಡುಗನ ಕುತೂಹಲ ಒಮ್ಮೆ ಬಾಡಿದರೆ ಮತ್ತೆ ಚಿಗುರುವದು ಕಷ್ಟ.