ಭತ್ತ, ಅಕ್ಕಿ ಮತ್ತು ಗಣಕಯಂತ್ರ

ಗಣಕಯಂತ್ರದ ವಿಷಯವಾಗಿ ಕನ್ನಡದ ಮೇಷ್ಟರೊಬ್ಬ ಮಾತನಾಡಲು ಹೊರಟಿರುವುದು ಕೇಳುಗರಿಗೆ ಸೋಜಿಗವೆನಿಸಬಹುದು. ಹಳಗನ್ನಡದ ಪಾಠ ಹೇಳಿ ನಿವೃತ್ತನಾದವನಿಗೆ ಈ ಗೊಡವೆ ಏಕೆಂದು ನನ್ನ ಗೆಳೆಯರೂ ಕೇಳಿದ್ದುಂಟು. ಕಾರಣ ಸರಳವಾದುದು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಸೀಮೆಗಳ ಒಕ್ಕಲುತನದ ಮಾತುಗಳನ್ನು ನಾನೂ ನನ್ನ ಹಳೆಯ ಶಿಷ್ಯರೂ ಕೆಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇವೆ. ಕೂರಿಗೆ, ಕುಂಟೆ, ಮಿಣಿ, ಕಣ ಇವುಗಳ ಸುತ್ತ ಬೆಳೆದ ಶಬ್ದಗಳು ಟ್ರ್ಯಾಕ್ಟರು ಬಂದಂತೆ ಮರೆಯಾಗುತ್ತಿವೆ. ಅವನ್ನು ಸಹಜವಾಗಿ ಆಡುವ ಹಿರಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈ ಸಂಗ್ರಹವನ್ನು ನಾಲ್ಕೂ ಊರುಗಳ ಯಂತ್ರಗಳಲ್ಲಿ ಇಡಬೇಕಾಗಿ ಬಂದಾಗ ನನಗೆ ಈ ಹೊಸ ವಿದ್ಯೆಯ ಪರಿಚಯವಾಯಿತು.

ಆ ಯಂತ್ರಗಳಾದರೋ ಒಂದೇ ಬಗೆಯವಲ್ಲ. ಕೊಪ್ಪಳ ಗಂಗಾವತಿಗಳಲ್ಲಿ ೬೪ ಬಿಟ್ಟಿನ ಯಂತ್ರಗಳಿದ್ದವು. ಕುಷ್ಟಗಿಯಲ್ಲಿ ಯಾರೋ ದಾನವಾಗಿ ಕೊಟ್ಟ ೩೨ ಬಿಟ್ಟಿನ ಹಳೆಯ ಪೆಟ್ಟಿಗೆ. ಯಲಬುರ್ಗಾದಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ. ಎಲ್ಲದರಲ್ಲಿಯೂ ಲಿನಕ್ಸ್ ವ್ಯವಸ್ಥೆಯೇ ಇತ್ತಾದ್ದರಿಂದ ತೊಂದರೆಯಾಗದೆಂದು ಭಾವಿಸಿ, ಪದಗಳನ್ನು ಹುಡುಕಿಕೊಡುವ ತಂತ್ರಾಂಶವೊಂದನ್ನು ಹಣ ಕೊಟ್ಟು ಬರೆಯಿಸಿದ್ದೆವು. ಗಂಗಾವತಿಯಲ್ಲಿ ಅದು ಸೊಗಸಾಗಿ ನಡೆಯಿತು. ಮರುದಿನವೇ ಯಲಬುರ್ಗಾದಿಂದ ಫೋನು: “ಸರ್, ಇದು ಒಲ್ಲೆ ಅಂತೈತ್ರಿ.” ಕುಷ್ಟಗಿಯ ಪೆಟ್ಟಿಗೆಯೂ ಒಲ್ಲೆನೆಂದಿತು. ಬರೆದುಕೊಟ್ಟವರನ್ನು ವಿಚಾರಿಸಿದರೆ, ಅವರು ಆ ವ್ಯವಹಾರವನ್ನೇ ಮುಚ್ಚಿಬಿಟ್ಟಿದ್ದರು.

ಯಂತ್ರದ ಹೃದಯಸ್ಥಾನದಲ್ಲಿರುವ ಪ್ರೊಸೆಸರಿಗೆ ತನ್ನದೇ ಆದ ಆಜ್ಞಾಭಾಷೆಯೊಂದಿದೆ. ಅದರ ಹೊರತು ಬೇರಾವುದೂ ಅದಕ್ಕೆ ತಿಳಿಯದು. ಇಂಟೆಲ್ ಕಂಪನಿಯ ೧೯೭೮ರ ೮೦೮೬ ಎಂಬುದರಿಂದ ಒಂದು ವಂಶ ಬೆಳೆಯಿತು. ೧೯೮೫ರಲ್ಲಿ ಅದು ೩೨ ಬಿಟ್ಟಿನದಾಯಿತು. ೨೦೦೩ರಲ್ಲಿ ಎಎಮ್‌ಡಿ ಎಂಬ ಪ್ರತಿಸ್ಪರ್ಧಿ ಕಂಪನಿ ಅದನ್ನು ೬೪ ಬಿಟ್ಟಿಗೆ ವಿಸ್ತರಿಸಿತು. ೧೯೮೫ರಲ್ಲಿಯೇ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಕಾರ್ನ್ ಕಂಪನಿಯವರು ಆರ್ಮ್ ಎಂಬ ಬೇರೊಂದು ವಂಶಕ್ಕೆ ಬುನಾದಿ ಹಾಕಿದರು. ನಮ್ಮ ಜೇಬಿನ ಮೊಬೈಲುಗಳೂ ಯಲಬುರ್ಗಾದ ಆ ಪುಟ್ಟ ಹಲಗೆಯೂ ಈ ವಂಶಕ್ಕೆ ಸೇರಿದವು. ೬೪ ಬಿಟ್ಟಿನ ಇಂಟೆಲ್ ವಂಶದ ಯಂತ್ರ ತನ್ನ ಹಿರಿಯರ ೩೨ ಬಿಟ್ಟಿನ ಮಾತನ್ನು ತಿಳಿಯಬಲ್ಲದು. ಹಿರಿಯರಿಗೆ ಮೊಮ್ಮಗನ ಮಾತು ತಿಳಿಯದು. ಆರ್ಮ್‌ಗೆ ಇವರಿಬ್ಬರ ಮಾತೂ ಪರಭಾಷೆ.

ತಂತ್ರಾಂಶವನ್ನು ಮನುಷ್ಯ ಬರೆಯುವುದು ಮನುಷ್ಯನಿಗೆ ತಿಳಿಯುವ ಭಾಷೆಯಲ್ಲಿ. ಅದನ್ನು ನಾನು ಮೂಲಪಾಠವೆಂದು ಕರೆಯುತ್ತೇನೆ, ಗ್ರಂಥಸಂಪಾದನೆಯ ಅಭ್ಯಾಸ. ಆ ಮೂಲಪಾಠವನ್ನು ಸಂಕಲಕವೆಂಬ ಇನ್ನೊಂದು ತಂತ್ರಾಂಶ ಒಂದು ನಿರ್ದಿಷ್ಟ ಪ್ರೊಸೆಸರಿನ ಆಜ್ಞಾಭಾಷೆಗೆ ಇಳಿಸುತ್ತದೆ. ಗಂಗಾವತಿಯ ಗಿರಣಿಗಳನ್ನು ಕಂಡವರಿಗೆ ಇದು ಕಷ್ಟವಲ್ಲ. ಒಂದೇ ಭತ್ತದಿಂದ ಅಕ್ಕಿಯಾಗುತ್ತದೆ, ಅವಲಕ್ಕಿಯಾಗುತ್ತದೆ, ಮಂಡಕ್ಕಿಯಾಗುತ್ತದೆ. ಆದರೆ ಅವಲಕ್ಕಿಯನ್ನು ಮಂಡಕ್ಕಿ ಮಾಡಲಾಗದು, ಅಕ್ಕಿಯನ್ನು ಬಿತ್ತಿ ಬೆಳೆಯಲಾಗದು. ನಮಗೆ ಬರೆದುಕೊಟ್ಟವರು ಕೊಟ್ಟದ್ದು ೬೪ ಬಿಟ್ಟಿನ ಅಕ್ಕಿಯನ್ನು ಮಾತ್ರ. ಭತ್ತ ಅವರ ಕಣಜದಲ್ಲಿಯೇ ಉಳಿಯಿತು, ಕಣಜದೊಂದಿಗೆ ಹೋಯಿತು.

ಈ ತೊಡಕು ಹೊಸತೇನಲ್ಲ. ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನವಿದೆಯಷ್ಟೆ. ಅದೇ ಒಕ್ಕಣೆ ಮಸ್ಕಿಯಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಸಣ್ಣಪುಟ್ಟ ವ್ಯತ್ಯಾಸಗಳೊಡನೆ ಬ್ರಾಹ್ಮಿಯಲ್ಲಿದೆ. ವಾಯವ್ಯದ ಶಹಬಾಜಗಢಿಯಲ್ಲಿ ಅವನ ಶಾಸನಗಳು ಖರೋಷ್ಠಿಯನ್ನು ಉಟ್ಟವು. ಕಂದಹಾರದಲ್ಲಿ ಗ್ರೀಕ್ ಮತ್ತು ಅರಾಮಿಕ್ ಭಾಷೆಗಳಿಗೇ ತಿರುಗಿದವು. ಅರಸನ ಮಾತು ಒಂದೇ, ಓದುವ ಜನರಿಗೆ ತಕ್ಕಂತೆ ಬೇರೆ ಬೇರೆ ಪಾಠ. ಆಪಲ್ ಕಂಪನಿಯವರು ಇಂಥ ಸಂದರ್ಭಕ್ಕಾಗಿ ಒಬ್ಬ ದುಭಾಷಿಯನ್ನೇ ನೇಮಿಸಿದರು: ಹಳೆಯ ಪ್ರೊಸೆಸರಿನ ಮಾತನ್ನು ಹೊಸದಕ್ಕೆ ತಿಳಿಸುವ ತಂತ್ರಾಂಶ. ಈಜಿಪ್ಟಿನ ಪ್ರಸಿದ್ಧ ಮೂರು ಲಿಪಿಗಳ ಶಾಸನದ ನೆನಪಾಗಿ ಅದಕ್ಕೆ ರೊಸೆಟ್ಟಾ ಎಂದೇ ಹೆಸರು. ಶಾಸನಪ್ರಿಯನಾದ ನನಗೆ ಹೆಸರೇನೋ ಹಿಡಿಸಿತು. ಆದರೆ ೨೦೦೬ರಲ್ಲಿ ಬಂದ ಮೊದಲ ರೊಸೆಟ್ಟಾವನ್ನು ೨೦೧೧ರಲ್ಲಿ ತೆಗೆದುಹಾಕಿದರು. ೨೦೨೦ರಲ್ಲಿ ಬಂದ ಎರಡನೆಯದನ್ನೂ ಕ್ರಮೇಣ ಹಿಂದೆಗೆಯುವುದಾಗಿ ೨೦೨೫ರಲ್ಲಿ ಸಾರಿದ್ದಾರೆ. ದುಭಾಷಿಯ ಸಂಬಳ ಧಣಿಯ ಇಚ್ಛೆ.

ನಮಗೆ ನೆರವಾದದ್ದು ೧೯೯೩ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ಸಂಗ್ರಹದ ಶಿಸ್ತು. ಅಲ್ಲಿ ಒಂದೊಂದು ತಂತ್ರಾಂಶಕ್ಕೂ ಪ್ರೊಸೆಸರಿನ ವಂಶಕ್ಕೊಂದರಂತೆ ಪ್ರತ್ಯೇಕ ಕಟ್ಟುಗಳಿರುತ್ತವೆ. ಕಟ್ಟಿನ ಮೇಲೆ ವಂಶದ ಹೆಸರು: ಐ೩೮೬, ಎಎಮ್‌ಡಿ೬೪, ಆರ್ಮ್೬೪. ಇಂಟೆಲ್ ಯಂತ್ರಕ್ಕೂ ಎಎಮ್‌ಡಿ೬೪ ಎಂಬ ಕಟ್ಟನ್ನೇ ಹಾಕಬೇಕು. ದಾರಿ ತೋರಿದವನ ಹೆಸರು ಹಾಗೆ ನಿಂತಿದೆ, ಗಾಬರಿಯಾಗಬೇಕಿಲ್ಲ. ಇದಲ್ಲದೆ ‘ಆಲ್’ ಎಂಬ ಗುರುತಿನ ಕಟ್ಟುಗಳೂ ಉಂಟು. ಅಕ್ಷರವಿನ್ಯಾಸದ ಫಾಂಟು, ನಿಘಂಟು, ಕೈಪಿಡಿ ಮುಂತಾದವು ಆಜ್ಞೆಗಳಲ್ಲ, ಬರಿಯ ಸಾಮಗ್ರಿ. ಅವು ಯಾವ ಯಂತ್ರದಲ್ಲಿಯೂ ಸಲ್ಲುತ್ತವೆ. ಹಳ್ಳಿಯಲ್ಲಿ ಇಂಟರ್‌ನೆಟ್ಟು ನಂಬುವಂಥದಲ್ಲ. ಆದಕಾರಣ ನಮಗೆ ಬೇಕಾದ ಮೂರು ವಂಶಗಳ ಕಟ್ಟುಗಳನ್ನೂ ‘ಆಲ್’ ಕಟ್ಟುಗಳನ್ನೂ ಕೊಪ್ಪಳದಲ್ಲಿ ಒಂದು ಡಿಸ್ಕಿಗೆ ತುಂಬಿಸಿ, ಬಸ್ಸಿನಲ್ಲಿ ಒಯ್ದು ಆಯಾ ಊರಿನಲ್ಲಿಯೇ ಸ್ಥಾಪಿಸಿದೆವು.

ಆಜ್ಞೆ ಬೇರೆ, ಸಾಮಗ್ರಿ ಬೇರೆ ಎಂಬ ಈ ವಿವೇಕ ಕನ್ನಡಿಗರಿಗೆ ತಿಳಿದಿರಲೇಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯನ್ನು ಬಳಸದವರಾರು? ಅದು ವಿಂಡೋಸ್ ಯಂತ್ರಗಳಿಗೆಂದು ಹುಟ್ಟಿದ್ದು. ಆದರೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ಒಂದು ಕೋಷ್ಟಕ ಮಾತ್ರ: ಯಾವ ಕೀಲಿಗೆ ಯಾವ ಅಕ್ಷರ ಎಂಬ ಪಟ್ಟಿ. ಆ ಪರಂಪರೆಯ ವಿನ್ಯಾಸ ಲಿನಕ್ಸಿನ ಕೀಲಿಮಣೆಗಳ ಪಟ್ಟಿಯಲ್ಲಿ ಪರಿಷತ್ತಿನ ಮೊದಲಕ್ಷರಗಳಿಂದಾದ ‘ಕಗಪ’ ಎಂಬ ಹೆಸರಿನಿಂದಲೇ ಇದೆ. ಪ್ರೊಸೆಸರು ಯಾವುದಾದರೂ ಆಗಲಿ, ಅದು ನಡೆಯುತ್ತದೆ. ನಮ್ಮ ಪದಗಳೂ ಹೀಗೆಯೇ ಬದುಕಿದವು. ಅವನ್ನು ಯೂನಿಕೋಡಿನ ಸಾದಾ ಕಡತಗಳಲ್ಲಿ ಬೇರೆಯಾಗಿ ಬರೆದಿಟ್ಟಿದ್ದೆವು. ತಂತ್ರಾಂಶ ಸತ್ತರೂ ಒಂದು ಶಬ್ದವೂ ಅಳಿಯಲಿಲ್ಲ. ಹಳೆಯ ಫಾಂಟುಗಳಲ್ಲಿ ಬರೆದ ಎಷ್ಟೋ ಜನರ ಬರಹ, ಆ ಫಾಂಟಿಲ್ಲದ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುವುದನ್ನು ನೀವೂ ನೋಡಿರಬೇಕು.

ತಂತ್ರಾಂಶವನ್ನು ಗಂಗಾವತಿಯ ಶಿಷ್ಯನೇ ಹೊಸದಾಗಿ ಬರೆದ. ಪೈಥಾನಿನಂಥ ಭಾಷೆಯಲ್ಲಿ ಬರೆದರೆ ಗಿರಣಿಯ ಕೆಲಸವೇ ಬೇಡ, ಪ್ರತಿ ಯಂತ್ರದಲ್ಲಿಯೂ ಆ ಭಾಷೆಯ ದುಭಾಷಿಯಿದ್ದರೆ ಸಾಕೆಂದು ಅವನೇ ಹೇಳಿದ. ಆದರೆ ಕುಷ್ಟಗಿಯ ಮುದಿ ಪೆಟ್ಟಿಗೆಗೆ ಅದು ತೀರ ನಿಧಾನವಾಯಿತು. ಕೊನೆಗೆ ಸಿ ಭಾಷೆಯಲ್ಲಿ ಬರೆದು, ಮೂಲಪಾಠವನ್ನೇ ಮೂರೂ ಊರುಗಳಿಗೆ ಕಳುಹಿಸಿದ. ಯಲಬುರ್ಗಾದಲ್ಲಿ ಬೇಗನೆ ಆಯಿತು. ಕುಷ್ಟಗಿಯಲ್ಲಿ ಕರೆಂಟು ಎರಡು ಸಲ ಹೋಗಿ, ಮೂರನೆಯ ರಾತ್ರಿ ಮುಗಿಯಿತು.

ಆ ಪೆಟ್ಟಿಗೆಯ ಆಯುಷ್ಯ ಇನ್ನು ಬಹಳವಿಲ್ಲ. ೨೦೨೫ರ ಆಗಸ್ಟಿನಲ್ಲಿ ಬಂದ ಡೆಬಿಯನ್ನಿನ ೧೩ನೆಯ ಆವೃತ್ತಿಯನ್ನು ೩೨ ಬಿಟ್ಟಿನ ಇಂಟೆಲ್ ಯಂತ್ರಗಳಲ್ಲಿ ಸ್ಥಾಪಿಸಲು ಬರುವುದಿಲ್ಲ. ಹಿಂದಿನ ಆವೃತ್ತಿಯ ಕಟ್ಟುಗಳನ್ನು ನಮ್ಮ ಡಿಸ್ಕಿನಲ್ಲಿ ಕಾದಿಟ್ಟಿದ್ದೇವೆ. ಮೂಲಪಾಠದ ಎರಡು ಪ್ರತಿಗಳು ಬೇರೆ ಇವೆ, ಒಂದು ಕೊಪ್ಪಳದಲ್ಲಿ, ಒಂದು ಯಲಬುರ್ಗಾದಲ್ಲಿ. ಕುಷ್ಟಗಿಯ ಶಿಷ್ಯ ಮಾತ್ರ ಹೊಸ ಯಂತ್ರ ಬರುವ ತನಕ ಕಾಯುವುದಿಲ್ಲವೆಂದು ಆ ಪೆಟ್ಟಿಗೆಯ ಮುಂದೆಯೇ ಕುಳಿತು, ಮಳೆ ನಕ್ಷತ್ರಗಳ ಮಾತುಗಳನ್ನು ಕೀಲಿಸುತ್ತಿದ್ದಾನೆ. ರೋಹಿಣಿಯಿಂದ ಆರಂಭಿಸಿ ಈಗ ಮಘೆಗೆ ಬಂದಿದ್ದಾನೆ.