ಪುಟಿಯದ ಸುತ್ತಿಗೆ

ಕೋಟೇಶ್ವರವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಕೋಟಿಲಿಂಗೇಶ್ವರನ ದೇವಾಲಯ, ಅದರ ವಿಶಾಲವಾದ ಕೆರೆ, ವೃಶ್ಚಿಕ ಮಾಸದ ಹುಣ್ಣಿಮೆಯ ಕೊಡಿಹಬ್ಬ ಇವು ನೆನಪಾಗುತ್ತವೆ. ತೇರನ್ನು ಕಂಡು ಕೈಮುಗಿದವರು ತೇರು ಕಟ್ಟಿದವರ ಕೈಗಳನ್ನು ನೆನೆಯುವುದು ಕಡಿಮೆ. ರಥ ಕಟ್ಟುವ ಕಸುಬಿನಿಂದಲೂ ಈ ಊರಿನ ಹೆಸರು ದೂರದವರೆಗೆ ಹೋಗಿದೆಯೆಂಬುದನ್ನು ಬಲ್ಲವರು ಬಲ್ಲರು. ಇಲ್ಲಿನ ರಥಶಿಲ್ಪಿ ಲಕ್ಷ್ಮೀನಾರಾಯಣ ಆಚಾರ್ಯರ ಶಿಲ್ಪಶಾಲೆಯಲ್ಲಿ ಹಲವು ಕ್ಷೇತ್ರಗಳ ತೇರುಗಳು ರೂಪುಗೊಂಡಿವೆ. ಕುಕ್ಕೆ ಸುಬ್ರಹ್ಮಣ್ಯದ ಹೊಸ ಬ್ರಹ್ಮರಥ 2019ರಲ್ಲಿ ಇಲ್ಲಿಂದಲೇ ಹೊರಟು ಘಟ್ಟದ ಬುಡ ಸೇರಿತು. ಆದರೆ ನಾನು ಇಂದು ಹೇಳಹೊರಟಿರುವುದು ತೇರಿನ ಮಾತಲ್ಲ, ಪೆಟ್ಟಿನ ಮಾತು.

ಸಾಗುವಾನಿಯಾಗಲಿ ಕಿರಾಲುಬೋಗಿಯಾಗಲಿ, ಒಂದು ಮರದ ತುದಿಯನ್ನು ಇನ್ನೊಂದರ ತೂತಿಗೆ ಕೂಡಿಸುವಾಗ ಬಿಗಿ ಎಷ್ಟಿರಬೇಕು? ಕೈಯಿಂದ ಒತ್ತಿದರೆ ಒಳಗೆ ಹೋಗಬಾರದು, ಹೊಡೆದರೆ ಸೀಳಬಾರದು. ಅಲ್ಲಿ ಕಬ್ಬಿಣದ ಸುತ್ತಿಗೆಯನ್ನು ನೇರವಾಗಿ ಬೀಸಿದಿರೋ, ಅದರ ಮುಖದ ದುಂಡನೆಯ ಗುರುತು ಮರದ ಮೈಮೇಲೆ ಶಾಶ್ವತವಾಗಿ ನಿಲ್ಲುತ್ತದೆ. ವಾರಗಟ್ಟಲೆ ಕುಳಿತು ಕೆತ್ತಿದ ಬಳ್ಳಿಯ ಒಂದು ಎಲೆ ಹಾರಿಹೋದರೆ ಅದನ್ನು ಮರಳಿ ಅಂಟಿಸುವ ದೇವರು ಯಾರೂ ಇಲ್ಲ. ಅದಕ್ಕಾಗಿಯೇ ನಮ್ಮ ಬಡಗಿಗಳು ಅನಾದಿಯಿಂದ ಮರದ ಕೊಡತಿಯನ್ನು ಕೈಗೆ ತೆಗೆದುಕೊಂಡರು. ಹುಣಿಸೆಮರದ ಗಂಟಿನ ಕೊಡತಿ ಉಳಿಯ ಹಿಡಿಯನ್ನು ನೋಯಿಸದೆ ವರ್ಷಗಟ್ಟಲೆ ದುಡಿಯುತ್ತದೆ. ಉಳಿಯ ಕೆಲಸಕ್ಕೆ ಇಂದಿಗೂ ಅದಕ್ಕಿಂತ ಒಳ್ಳೆಯದು ಇದೆಯೆಂದು ನನಗೆ ತೋರುವುದಿಲ್ಲ.

ಆದರೆ ಕೊಡತಿಯೂ ಪುಟಿಯುತ್ತದೆ. ಹೊಡೆದ ಮರುಕ್ಷಣವೇ ಹಿಂದಕ್ಕೆ ನೆಗೆದು, ಹಿಡಿತ ಸಡಿಲವಾಗಿದ್ದರೆ ಎರಡನೆಯ ಸಣ್ಣ ಪೆಟ್ಟನ್ನು ಬೇಡದ ಜಾಗದಲ್ಲಿ ಕೊಡುತ್ತದೆ. ಹೆದ್ದಾರಿ 66ರ ಬದಿಯ ಗ್ಯಾರೇಜುಗಳಲ್ಲಿ ಈ ತೊಂದರೆ ಇನ್ನೂ ದೊಡ್ಡದು. ತುಕ್ಕು ಹಿಡಿದು ಕಚ್ಚಿಕೊಂಡ ಬ್ರೇಕ್ ಡ್ರಮ್ಮನ್ನು ಕಳಚಬೇಕು, ಬೇರಿಂಗನ್ನು ಅದರ ಮನೆಯಲ್ಲಿ ಕೂರಿಸಬೇಕು. ಉಕ್ಕಿನ ಮೇಲೆ ಉಕ್ಕು ಬಡಿದಾಗ ಎರಡೂ ಮುಟ್ಟಿಕೊಂಡಿರುವ ಕಾಲ ಸೆಕೆಂಡಿನ ಸಾವಿರದ ಒಂದಂಶಕ್ಕಿಂತಲೂ ಕಡಿಮೆ. ಅಷ್ಟರಲ್ಲಿ ಪೆಟ್ಟಿನ ಬಲವೆಲ್ಲ ಒಂದು ಬಿಂದುವಿನಲ್ಲಿ ಶಿಖರಕ್ಕೇರುತ್ತದೆ; ಗಡಸು ಉಕ್ಕಿನ ಬೇರಿಂಗ್ ಬಿರುಕು ಬಿಡುತ್ತದೆ, ಇಲ್ಲವೆ ಒಂದು ಚೂರು ಸಿಡಿದು ಕಣ್ಣಿಗೆ ಹಾರುತ್ತದೆ. ಬೇರಿಂಗು ಅಂಗಡಿಯಲ್ಲಿ ಸಿಗುತ್ತದೆ, ಕಣ್ಣು ಸಿಗುವುದಿಲ್ಲ. ಹಿಂದಿನ ಯಂತ್ರಶಾಲೆಗಳಲ್ಲಿ ಸೀಸದ, ತಾಮ್ರದ, ಹಸಿದೊಗಲನ್ನು ಸುತ್ತಿ ಮಾಡಿದ ಸುತ್ತಿಗೆಗಳನ್ನು ಇಟ್ಟುಕೊಳ್ಳುತ್ತಿದ್ದುದು ಇದಕ್ಕಾಗಿಯೇ. ಸೀಸ ಪುಟಿಯುವುದಿಲ್ಲ ನಿಜ, ಆದರೆ ನಾಲ್ಕು ದಿನದಲ್ಲಿ ಅಪ್ಪಚ್ಚಿಯಾಗುತ್ತದೆ. ಅದರ ಧೂಳು ವಿಷ ಬೇರೆ.

ಈಗ ಅಂಗಡಿಗಳಲ್ಲಿ 'ಡೆಡ್ ಬ್ಲೋ' ಎಂಬ ಹೆಸರಿನಿಂದ ಮಾರುವ ಸುತ್ತಿಗೆ ಈ ಸಮಸ್ಯೆಗೆ ಬೇರೊಂದು ದಾರಿಯಿಂದ ಉತ್ತರ ಹೇಳುತ್ತದೆ. ಅಕ್ಕಿಮುಡಿ ಕಟ್ಟುತ್ತಿದ್ದ ಕಾಲವನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ರಬ್ಬರಿನ ಚೆಂಡನ್ನು ಅಟ್ಟದಿಂದ ಕೆಡವಿದರೆ ಅದು ಅಂಗಳದವರೆಗೂ ಕುಣಿದುಕೊಂಡು ಹೋಗುತ್ತದೆ. ಮುಡಿಯನ್ನು ಕೆಡವಿದರೆ ಧೊಪ್ಪೆಂದು ಬಿದ್ದಲ್ಲೇ ಕೂರುತ್ತದೆ. ಒಳಗಿನ ಅಕ್ಕಿಕಾಳುಗಳು ಒಂದರಮೇಲೊಂದು ಉಜ್ಜಿಕೊಂಡು ಪುಟಿತವನ್ನು ನುಂಗಿಬಿಡುತ್ತವೆ. ಈ ಸುತ್ತಿಗೆಯ ತಲೆಯೂ ಪೊಳ್ಳು. ಒಳಗೆ ಉಕ್ಕಿನ ಚರೆಗಳಿವೆ, ಅವುಗಳಿಗೆ ಓಡಾಡಲು ಸ್ವಲ್ಪ ಜಾಗವೂ ಇದೆ. ತಲೆ ಕೆಲಸಕ್ಕೆ ತಗಲಿ ಹಿಂದಕ್ಕೆ ಹೊರಡುವ ಹೊತ್ತಿಗೆ ಸರಿಯಾಗಿ, ಹಿಂದುಳಿದಿದ್ದ ಚರೆಗಳು ಮುಂದಿನ ಗೋಡೆಗೆ ಬಂದು ಬಡಿದು ಅದನ್ನು ಅಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ಪೆಟ್ಟು ಒಂದೇ ಚುಚ್ಚಾಗದೆ ತುಸು ಹೊತ್ತಿನ ನೂಕಾಗುತ್ತದೆ. ಬೀಸಿದ ಶಕ್ತಿಯೆಲ್ಲ ಕೆಲಸಕ್ಕೇ ಸೇರುತ್ತದೆಂದು ಮಾರುವವರು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ, ಒಂದು ಪಾಲು ಚರೆಗಳ ಉಜ್ಜಾಟದಲ್ಲಿ ಬಿಸಿಯಾಗಿ ಹೋಗುತ್ತದೆ. ನಮಗೆ ಸಿಗುವ ಲಾಭವೆಂದರೆ ಹತೋಟಿ, ಗಾಯವಿಲ್ಲದ ಕೆಲಸ, ಸಂಜೆ ನೋಯದ ಮಣಿಕಟ್ಟು.

ಇನ್ನು ಕೊಳ್ಳುವ ಮಾತು. ಕುಂದಾಪುರದ ಯಾವುದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಇಂಥದೊಂದು ಸುತ್ತಿಗೆ ಕೊಡಿ ಎಂದರೆ, ತಿಳಿದ ಅಂಗಡಿಯವರು ಮೊದಲು "ಎಂತಕ್ ಬೇಕ್ ಮಾರಾಯ್ರೆ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿಲ್ಲದಿದ್ದರೆ ಆ ದಿನ ಬರಿಗೈಯಲ್ಲಿ ಮರಳುವುದೇ ಲೇಸು. ಕಿಟಕಿಯ ಚೌಕಟ್ಟು, ಮೇಜು, ಕಪಾಟು ಜೋಡಿಸುವವರಿಗೆ ಅರ್ಧ ಕಿಲೋಗ್ರಾಂ ಆಸುಪಾಸಿನದು ಸಾಕು. ಗ್ಯಾರೇಜಿಗೆ ಒಂದು, ಒಂದೂವರೆ ಕಿಲೋ ಬೇಕಾದೀತು. ಭಾರವಾದುದನ್ನು ಕೊಂಡು ಮೆಲ್ಲಗೆ ಹೊಡೆದರಾಯಿತು ಎಂಬ ಲೆಕ್ಕಾಚಾರ ಈ ಸುತ್ತಿಗೆಯ ವಿಷಯದಲ್ಲಿ ನಡೆಯುವುದಿಲ್ಲ: ಮೆಲ್ಲಗೆ ಹೊಡೆದರೆ ಚರೆಗಳು ಸರಿಯಾಗಿ ಓಡುವುದೇ ಇಲ್ಲ.

ಇದರಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು, ತಲೆಯಿಂದ ಹಿಡಿಯ ತುದಿಯವರೆಗೆ ಪಾಲಿಯುರಿಥೇನಿನ ಒಂದೇ ಎರಕ. ಒಳಗೆ ಉಕ್ಕಿನ ಸರಳು, ಚರೆ ತುಂಬಿದ ಉಕ್ಕಿನ ಡಬ್ಬಿ. ಇನ್ನೊಂದು, ಉಕ್ಕಿನ ಕೊಳವೆಯಂಥ ತಲೆಗೆ ಎರಡೂ ಕಡೆ ನೈಲಾನಿನ ಅಥವಾ ಪಾಲಿಯುರಿಥೇನಿನ ಮುಖಗಳನ್ನು ಕೂರಿಸಿದ್ದು. ಮುಖ ಸವೆದರೆ ಅದನ್ನಷ್ಟೇ ಬದಲಿಸಬಹುದು. ದಿನವಿಡೀ ಒಂದೇ ಬಗೆಯ ಕೆಲಸ ಮಾಡುವ ಕಾರ್ಖಾನೆಗೆ ಎರಡನೆಯದು ಮೇಲು, ಆದರೆ ಬದಲಿ ಮುಖ ಅದೇ ಅಂಗಡಿಯಲ್ಲಿ ಸಿಗುವಂತಿದ್ದರೆ ಮಾತ್ರ. ಸಿಗದಿದ್ದರೆ ಬದಲಿಸಬಹುದಾದ ಮುಖವೆಂಬುದು ಬರಿಯ ಕಾಗದದ ಮೇಲಿನ ಸೌಕರ್ಯ. ಮನೆಗೂ ಸಣ್ಣ ಗ್ಯಾರೇಜಿಗೂ ಒಂದೇ ಎರಕದ್ದನ್ನೇ ನಾನು ಹೇಳುತ್ತೇನೆ.

ಕೊಳ್ಳುವ ಮೊದಲು ಕೈಗೆತ್ತಿಕೊಂಡು, ಹಿಡಿ ತಲೆಯನ್ನು ಸೇರುವ ಕುತ್ತಿಗೆಯನ್ನು ನೋಡಿ. ಇಂಥ ಸುತ್ತಿಗೆ ಮುರಿದರೆ ಸಾಮಾನ್ಯವಾಗಿ ಅಲ್ಲಿಯೇ ಮುರಿಯುತ್ತದೆ, ಏಕೆಂದರೆ ಗುರಿ ತಪ್ಪಿದ ಪೆಟ್ಟೆಲ್ಲ ಬೀಳುವುದು ಆ ಕುತ್ತಿಗೆಯ ಮೇಲೆ. ಒಳಗಿನ ಉಕ್ಕಿನ ಸರಳು ತಲೆಯವರೆಗೂ ಹೋಗಿದೆಯೇ ಎಂದು ಕೇಳಿ; ಹಿಡಿಯನ್ನು ಎರಡೂ ಕೈಯಿಂದ ಬಗ್ಗಿಸಿದಾಗ ಕುತ್ತಿಗೆ ಮೆತ್ತಗೆ ಬಾಗಿದರೆ ಅದನ್ನು ಅಲ್ಲಿಯೇ ಇಟ್ಟುಬಿಡಿ. ತಲೆಯ ಸುತ್ತ ಎರಕದ ಎರಡು ಹೋಳು ಕೂಡಿದ ಗೆರೆಯ ಮೇಲೆ ಉಗುರು ಆಡಿಸಿ. ಅಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕಿದ್ದರೆ ನಾಳೆ ಚರೆ ಹೊರಬೀಳುವುದೂ, ಇಂದು ನೀರು ಒಳಹೋಗುವುದೂ ಅಲ್ಲಿಂದಲೇ. ಬಳಿಕ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ಕಾಳು ಹರಿದಂತೆ ಸರಾಗವಾದ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಅದು ಈ ಜಾತಿಯದಲ್ಲ, ಬರಿಯ ಗಟ್ಟಿ ರಬ್ಬರಿನ ಸುತ್ತಿಗೆಗೆ ಬಣ್ಣ ಹಚ್ಚಿದ್ದಾಗಿರಬಹುದು. ಅಂದಹಾಗೆ, ಬಣ್ಣವನ್ನು ನೋಡಿ ಗಡಸುತನವನ್ನು ಅಳೆಯಬೇಡಿ. ಒಬ್ಬ ತಯಾರಕನ ಹಳದಿ ಇನ್ನೊಬ್ಬನ ಹಳದಿಯಲ್ಲ.

ನೀರಿನ ಮಾತು ಬಂತು. ಕರಾವಳಿಯವರಾದ ನಾವು ಇದನ್ನು ಹೆಚ್ಚು ಗಮನಿಸಬೇಕು, ಬೇರೆ ಊರಿನ ಸಲಹೆಗಳಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ಉಪ್ಪುಗಾಳಿಯ ತೇವ ತಲೆಯೊಳಗೆ ಸೇರಿದರೆ ಚರೆಗಳು ತುಕ್ಕು ಹಿಡಿದು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಆಗ ಹೊರಗಿನಿಂದ ನೋಡಲು ಸುತ್ತಿಗೆ ಹೊಸದರಂತೆಯೇ ಇರುತ್ತದೆ, ಆದರೆ ಮತ್ತೆ ಪುಟಿಯತೊಡಗುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಸೂಕ್ಷ್ಮ. ಕಪಾಟಿನಲ್ಲಿ ಎರಡು ಮಳೆಗಾಲ ಕಳೆದ ಬೂಟನ್ನು ಮದುವೆಗೆಂದು ಹೊರತೆಗೆದಾಗ ಅದರ ಅಡಿ ಪುಡಿಪುಡಿಯಾಗಿ ಉದುರಿದ್ದನ್ನು ನಿಮ್ಮಲ್ಲಿ ಅನೇಕರು ಕಂಡಿರಬೇಕು. ಅದೂ ಪಾಲಿಯುರಿಥೇನೇ. ಇದರಲ್ಲಿ ಎಸ್ಟರ್ ಬಗೆ, ಈಥರ್ ಬಗೆ ಎಂದು ಎರಡುಂಟು. ಎಸ್ಟರ್ ಬಗೆಯದು ಎಣ್ಣೆಗೂ ಸವೆತಕ್ಕೂ ಚೆನ್ನಾಗಿ ತಡೆಯುತ್ತದೆ. ಆದರೆ ಬಿಸಿಲು ಮಳೆ ಕೂಡಿದ ನಮ್ಮ ಸೆಖೆಯಲ್ಲಿ ಗಾಳಿಯ ತೇವವೇ ಅದರ ಬಂಧಗಳನ್ನು ಮೆಲ್ಲಮೆಲ್ಲನೆ ಬಿಡಿಸುತ್ತದೆ. ಈಥರ್ ಬಗೆ ತೇವವನ್ನು ತಾಳಿಕೊಳ್ಳುತ್ತದೆ. ಎಲ್ಲ ಅಂಗಡಿಯವರಿಗೂ ಇದು ಗೊತ್ತಿರಲಾರದು. ತಯಾರಕರ ಹಾಳೆಯಲ್ಲಿ ಬರೆದಿದ್ದರೆ ಓದಿಕೊಳ್ಳಿ. ಬರೆದಿಲ್ಲವಾದರೆ ಇಷ್ಟಾದರೂ ಮಾಡಿ: ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿದು ಕುಳಿತ ಹಳೆಯ ಸರಕನ್ನು ಕಡಿಮೆ ಬೆಲೆಗೆ ಕೊಡುತ್ತೇನೆಂದರೆ ಒಪ್ಪಬೇಡಿ. ಮೈ ಮುಟ್ಟಿದಾಗ ಜಿಗುಟಾಗಿದ್ದರೆ ಅದರ ಆಯುಸ್ಸು ಆಗಲೇ ಮುಗಿಯತೊಡಗಿದೆ.

ಒಳ್ಳೆಯದನ್ನು ಕೊಂಡು ತಂದರೂ ಮೊಳೆ ಹೊಡೆಯಲು ಅದನ್ನು ಎತ್ತಬೇಡಿ, ಉಕ್ಕಿನ ಚಾಣದ ತಲೆಗೂ ಬೇಡ. ಅವುಗಳ ಅಂಚು ಮೆತ್ತನೆಯ ಮುಖವನ್ನು ಕೊರೆದು ಹಾಕುತ್ತದೆ. ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳಿಕೊಡುವುದು ಸುತ್ತಿಗೆಯ ಬೆಲೆಗಿಂತ ಮುಖ್ಯ, ಏಕೆಂದರೆ ಕೈಗೆ ಸಿಕ್ಕಿದ್ದರಿಂದ ಹೊಡೆಯುವ ವಯಸ್ಸು ಅದು. ಮೆತ್ತನೆಯ ಸುತ್ತಿಗೆಯೆಂದು ಕನ್ನಡಕ ಬಿಡುವಂತೆಯೂ ಇಲ್ಲ; ಸುತ್ತಿಗೆ ಸಿಡಿಯದಿದ್ದರೂ ಡ್ರಮ್ಮಿನ ತುಕ್ಕು ಸಿಡಿಯುತ್ತದೆ. ತಲೆ ಒಡೆದು ಚರೆ ಉದುರತೊಡಗಿದರೆ ಟೇಪು ಸುತ್ತಿ ಬಳಸುವ ಉಳಿತಾಯ ಬೇಡ. ನಯವಾದ ನೆಲದ ಮೇಲೆ ಚೆಲ್ಲಿದ ಚರೆಯಷ್ಟು ಬೇಗ ಆಳನ್ನು ಕೆಡವುವ ವಸ್ತು ಇನ್ನೊಂದಿಲ್ಲ.

ಕೆಲಸ ಮುಗಿದ ಮೇಲೆ ಎಣ್ಣೆ ಒರೆಸಿ, ಬಿಸಿಲು ಬೀಳದ ಒಣ ಜಾಗದಲ್ಲಿ ತೂಗಹಾಕಿ, ಥಿನ್ನರಿನಲ್ಲಿ ಅದ್ದಬೇಡಿ. ಆಯುಧಪೂಜೆಗೆ ಉಪಕರಣಗಳನ್ನೆಲ್ಲ ಬಾವಿಕಟ್ಟೆಗೆ ಒಯ್ದು ತೊಳೆಯುವ ರೂಢಿ ನಮ್ಮಲ್ಲಿ ಹಲವೆಡೆ ಉಂಟು. ಇದೊಂದನ್ನು ಮಾತ್ರ ನೀರಿಗೆ ಹಾಕದೆ ಒಣಬಟ್ಟೆಯಿಂದ ಒರೆಸಿ, ಕುಂಕುಮ ಇಡುವ ಮೊದಲು ಕಿವಿಯ ಬಳಿ ಹಿಡಿದು ಒಮ್ಮೆ ಅಲ್ಲಾಡಿಸಿ ನೋಡಿ.