ಹಳೆಯ ಸೈಕಲ್ ಕೊಳ್ಳುವ ಮುನ್ನ

ಹದಿನೈದು ವರ್ಷ ಹಳೆಯ ಮೌಂಟನ್ ಬೈಕೊಂದು ಕಡಿಮೆ ಬೆಲೆಗೆ ಸಿಗ್ತಿದೆ, ತಗೊಳ್ಳಲಾ ಅಂತ ಪಕ್ಕದ ಮನೆ ಹುಡುಗ ಕೇಳಿದ. ಹೋಗಿ ನೋಡಿದೆವು. ಬಣ್ಣ ಥಳಥಳ ಹೊಳೆಯುತ್ತಿತ್ತು. ನಾನು ಮೊದಲು ನೋಡಿದ್ದು ಹ್ಯಾಂಡಲ್ ಕೆಳಗೆ, ಫ್ರೇಮಿನ ಕೊಳವೆಗಳನ್ನು ಬೆಸೆದ ಜಾಗ. ಅಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಇಳಿಜಾರಿನಲ್ಲಿ ನಮ್ಮ ಜೀವ ಆ ಬೆಸುಗೆಯ ಮೇಲೇ ನಿಂತಿರುತ್ತದೆ. ಬಿರುಕಿರಲಿಲ್ಲ, ಸಮಾಧಾನವಾಯಿತು. ಆಮೇಲೆ ಚೈನಿಗೆ ಸ್ಕೇಲು ಹಿಡಿದೆ. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು. ಇದು ಕಾಲಿಂಚು ಹೆಚ್ಚಿತ್ತು. ಅಷ್ಟು ಸವೆದ ಚೈನು ಹಿಂದಿನ ಹಲ್ಲುಚಕ್ರಗಳನ್ನೂ ತಿಂದಿರುತ್ತದೆ, ಎರಡನ್ನೂ ಬದಲಿಸಬೇಕು. 26 ಇಂಚಿನ ಚಕ್ರ ಹಳೆಯ ಅಳತೆಯೇ, ಆದರೆ ಅದರ ಟೈರು ನಮ್ಮಲ್ಲಿ ಈಗಲೂ ಸಿಗುತ್ತದೆ. ರಿಪೇರಿ ಖರ್ಚು ಕಳೆದು ಬೆಲೆ ಕೇಳು, ಒಪ್ಪಿದರೆ ತಗೋ ಅಂದೆ. ಮಾರುವವರು ಒಪ್ಪಿದರು.